ಒಂದು ಸೆಂಟಿಮೀಟರ್ ಜಾಸ್ತಿ

"ಶ್! ಟಿವಿ ಆಫ್ ಮಾಡು. ಅಮ್ಮ ಓದ್ತಿದಾಳೆ" ಎಂದರು ಅಪ್ಪ.

ಬುಗುರಿಗೆ ಮೈಯೆಲ್ಲ ಉರಿಯಿತು. ಒಂದು ಕಡೆ ಕೂರದ ಹುಡುಗಿ ಎಂದು ಮನೆಯವರೇ ಇಟ್ಟ ಹೆಸರು ಅದು. ಮೊದಲೆಲ್ಲ ಅವಳು ಓದುವಾಗ ಟಿವಿ ಆಫ್ ಆಗುತ್ತಿತ್ತು. ಕಿಟಕಿ ಪಕ್ಕದ ಕುರ್ಚಿ ಅವಳದಾಗಿತ್ತು. ಅಪ್ಪ ಕಿತ್ತಳೆ ಸುಲಿದರೆ ಮೊದಲ ತೊಳೆ ಅವಳಿಗೇ. ಈಗ ಕುರ್ಚಿಯೂ ಅಮ್ಮನಿಗೆ, ತೊಳೆಯೂ ಅಮ್ಮನಿಗೆ!

ಅಮ್ಮ ಟೈಲರ್. ಚಿಕ್ಕವಳಿದ್ದಾಗ ಶಾಲೆ ಬಿಟ್ಟವಳು ಈಗ ಹತ್ತನೇ ಕ್ಲಾಸಿನ ಪರೀಕ್ಷೆಗೆ ಕಟ್ಟಿದ್ದಳು. ಪಾಸಾದರೆ ಹೊಲಿಗೆ ಕಲಿಸುವ ಕೇಂದ್ರದಲ್ಲಿ ಟೀಚರ್ ಕೆಲಸ ಸಿಗುತ್ತಿತ್ತು. ಹೋದ ಸಲ ಎಲ್ಲದರಲ್ಲೂ ಪಾಸ್, ಲೆಕ್ಕದಲ್ಲಿ ಮಾತ್ರ ಡುಮ್ಕಿ. ನಾಳೆ ಮತ್ತೆ ಲೆಕ್ಕದ ಪರೀಕ್ಷೆ.

ಸಂಜೆ ಅಮ್ಮನಂಥ ದೊಡ್ಡವರಿಗೆ ಪಾಠ ಮಾಡುವುದು ಬುಗುರಿಯ ಲೆಕ್ಕದ ಟೀಚರೇ. ಇವತ್ತು ಕ್ಲಾಸಿನಲ್ಲಿ, ಎಲ್ಲರ ಎದುರಿಗೆ, "ನಿಮ್ಮಮ್ಮನ್ನ ನೋಡಿ ಕಲಿತ್ಕೊಳೇ. ಒಂದು ದಿನಾನೂ ಹೋಮ್‌ವರ್ಕ್ ತಪ್ಪಿಸಲ್ಲ" ಎಂದುಬಿಟ್ಟಿದ್ದರು. ಹಿಂದಿನ ಬೆಂಚಿನವರೆಲ್ಲ ಕಿಸಕ್ಕೆಂದರು. ಮಗಳ ಟೀಚರನ್ನೂ ಕಿತ್ತುಕೊಳ್ಳುವ ಅಮ್ಮ ಇರುತ್ತಾಳಾ ಎಲ್ಲಾದರೂ?

"ಬುಗುರಿ, ಇದು ಸರಿಯಾಗಿದೆಯಾ ನೋಡೇ" ಎಂದು ಅಮ್ಮ ಕರೆದಳು. ಸಂಜೆ ಕ್ಲಾಸಿನಲ್ಲಿ ಆಕೃತಿ ಬಿಡಿಸುವ ಪಾಠ ಮಾಡಿದ ದಿನ ಬುಗುರಿಗೆ ಜ್ವರ ಬಂದಿತ್ತು. ಅವಳನ್ನು ಬಿಟ್ಟು ಅಮ್ಮ ಕ್ಲಾಸಿಗೆ ಹೋಗಿರಲಿಲ್ಲ. ಅದನ್ನೀಗ ತಾನಾಗೇ ಕಲಿಯುತ್ತಿದ್ದಳು.

ಬುಗುರಿ ಸ್ಕೇಲ್ ಇಟ್ಟು ನೋಡಿದಳು. ಎಂಟು ಸೆಂಟಿಮೀಟರ್ ಇರಬೇಕಾದ ಗೆರೆ ಒಂಬತ್ತಿತ್ತು. ಐದರ ಗೆರೆ ಆರಿತ್ತು. ಎಲ್ಲ ಚಿತ್ರದಲ್ಲೂ ಅದೇ ಕತೆ. ತಟ್ಟನೆ ಅವಳಿಗೆ ಹೊಳೆಯಿತು. ಬಟ್ಟೆ ಕತ್ತರಿಸುವಾಗ ಅಮ್ಮ ಹೊಲಿಗೆಗೆಂದು ಸುತ್ತ ಸ್ವಲ್ಪ ಜಾಸ್ತಿ ಬಿಡುತ್ತಾಳಲ್ಲ, ಕಾಗದದ ಮೇಲೂ ಬಿಟ್ಟಿದ್ದಾಳೆ!

ಹೇಳೋಣವೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಪ್ಪ ಬಗ್ಗಿ ನೋಡಿ, "ಎಷ್ಟು ನೀಟಾಗಿದೆ! ನಮ್ ಬುಗುರಿದು ಯಾವಾಗ್ಲೂ ಸೊಟ್ಟ" ಎಂದು ನಕ್ಕರು.

"ಸರಿಯಾಗಿದೆ" ಎಂದಳು ಬುಗುರಿ.

ಹೊಟ್ಟೆ ತಣ್ಣಗಾಯಿತು. ಆದರೆ ಮಲಗುವ ಹೊತ್ತಿಗೆ ಯಾಕೋ ತಣ್ಣಗಿರಲಿಲ್ಲ.

ಬೆಳಿಗ್ಗೆ, ಬಹಳ ದಿನದಿಂದ ಹಾಕದ ಇನ್ನೊಂದು ಯೂನಿಫಾರ್ಮ್ ಸ್ಕರ್ಟ್ ಹಾಕಿಕೊಂಡರೆ ಅದು ಮೊಣಕಾಲು ದಾಟಿ ಮೇಲೆ ಹೋಗಿತ್ತು.

"ಗಿಡ್ಡ ಆಗಿದೆ! ಎಲ್ರೂ ನಗ್ತಾರೆ. ನಿಂಗೆ ನಿನ್ ಪರೀಕ್ಷೆ ಬಿಟ್ರೆ ಏನೂ ಕಾಣಲ್ಲ!"

ಅಮ್ಮ ಪುಸ್ತಕ ಮುಚ್ಚಿ ಎದ್ದುಬಂದಳು. ಸ್ಕರ್ಟಿನ ಅಂಚು ತಿರುಗಿಸಿದಳು. ಒಳಗೆ ಬಟ್ಟೆ ಮಡಚಿ ಮಡಚಿ ಇಟ್ಟಿತ್ತು. ಹಳೆ ಹೊಲಿಗೆ ಬಿಚ್ಚಿ, ಒಂದು ಮಡಿಕೆ ಇಳಿಸಿ, ಮಷಿನ್ನಿಗೆ ಕೊಟ್ಟಳು.

"ಇಷ್ಟೊಂದು ಬಟ್ಟೆ ಯಾಕೆ ಒಳಗಿಟ್ಟಿದೀಯ?"

"ನೀನು ಬೆಳೀತೀಯಲ್ಲ, ಅದಕ್ಕೆ. ಹೊಲಿಯೋವಾಗ್ಲೇ ಬಿಟ್ಟಿರ್ತೀನಿ."

ಬುಗುರಿ ಅಮ್ಮ ಮುಚ್ಚಿಟ್ಟ ಪುಸ್ತಕದ ಕಡೆ ನೋಡಿದಳು.

"ಅಮ್ಮಾ, ಪೇಪರ್ ಮೇಲೆ ಹಂಗೆ ಬಿಡಬಾರ್ದು."

"ಏನು?"

"ಎಂಟು ಅಂದ್ರೆ ಎಂಟೇ. ನೀನು ಹೊಲಿಗೆಗೆ ಜಾಗ ಬಿಟ್ಟಿದೀಯ. ಎಲ್ಲಾದ್ರಲ್ಲೂ."

ಅಮ್ಮ ಓಡಿಹೋಗಿ ಅಳೆದಳು. "ಅಯ್ಯೋ ನನ್ ಕೈಯೇ!" ಎಂದು ಹಣೆ ಚಚ್ಚಿಕೊಂಡು ನಕ್ಕಳು. ಆಮೇಲೆ ನಗು ನಿಂತಿತು.

"ನಿಂಗಿದು ಯಾವಾಗ ಗೊತ್ತಾಯ್ತು?"

"ನಿನ್ನೆ."

ಅಮ್ಮ ಸ್ಕೇಲನ್ನು ಮೆಲ್ಲಗೆ ಕೆಳಗಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು. ಮತ್ತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು, ಸರಿದು, ಪಕ್ಕದಲ್ಲಿ ಜಾಗ ಮಾಡಿದಳು.

"ಬಾ. ಇನ್ನೂ ಟೈಮಿದೆ. ನೀನೇ ಹೇಳ್ಕೊಡು."

ಅವತ್ತು ಕ್ಲಾಸಿನಲ್ಲಿ ಟೀಚರ್, "ನಿನ್ ಸ್ಕೇಲ್ ಎಲ್ಲೇ?" ಎಂದರು.

"ಅಮ್ಮಂಗೆ ಕೊಟ್ಟೆ ಮಿಸ್."

ಟೀಚರ್ ಬೈಯಲಿಲ್ಲ. ಬುಗುರಿ ಗಡಿಯಾರ ನೋಡಿದಳು. ಅಮ್ಮ ಈಗ ಚಿತ್ರದ ಪ್ರಶ್ನೆಗೆ ಬಂದಿರಬಹುದು. ಎಂಟು ಅಂದ್ರೆ ಎಂಟೇ ಅಮ್ಮ, ಎಂದು ಮನಸ್ಸಿನಲ್ಲೇ ಹೇಳಿದಳು.

ಬೆಂಚಿನ ಕೆಳಗೆ ಅವಳ ಬೆರಳು ಸ್ಕರ್ಟಿನ ಅಂಚನ್ನು ಸವರುತ್ತಿತ್ತು. ಒಳಗೆ ಇನ್ನೂ ಒಂದು ಮಡಿಕೆ ಉಳಿದಿತ್ತು.