ತಟ್ಟೆಯಲ್ಲಿ ಕುಗ್ಗಿದ ವೃತ್ತ

೧೯೭೪ರ ನವೆಂಬರ್ ಹನ್ನೆರಡು. ಮಂಜು ಇನ್ನೂ ಕರಗದ ಬೆಳಗ್ಗೆ ರಾಜಾಜಿನಗರ ಠಾಣೆಗೆ ದೂರು ಬಂತು. ಕೊಟ್ಟವರು ಔಷಧಿ ಕಾರ್ಖಾನೆಯ ಮಾಲೀಕ ಸೇತುರಾಮ. ಕ್ಷಯಕ್ಕೆ ಕೊಡುವ ಸ್ಟ್ರೆಪ್ಟೊಮೈಸಿನ್ ಸೀಸೆಗಳು ಪರೀಕ್ಷೆಯಲ್ಲಿ ಸೋತಿದ್ದವು. ಕೆಂಗೇರಿಯಾಚೆ ಹೂಳಬೇಕಾಗಿದ್ದ ಆ ಸೀಸೆಗಳು ಬಿನ್ನಿಪೇಟೆಯಲ್ಲಿ ಸಿಕ್ಕಿದ್ದವು.

"ಯಾರೋ ಕದ್ದು ಬಡವರಿಗೆ ಕೆಟ್ಟ ಔಷಧಿ ಚುಚ್ತಾ ಇದಾರೆ ಸಾರ್. ಜನ ಸತ್ರೆ ನನ್ನ ಹೆಸರು ಹಾಳಾಗುತ್ತೆ."

ಇನ್ಸ್‌ಪೆಕ್ಟರ್ ವೆಂಕಟಗಿರಿ ಎಫ್‌ಐಆರ್ ಬರೆಸಿದರು. ಕಿಟಕಿಯಾಚೆ ನೋಡುತ್ತ ಕೂತರೆ ಲೋಕವನ್ನೇ ಮರೆಯುವ ಮನುಷ್ಯ. ಸಾಹೇಬರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುತ್ತಾರೆಂದು ಠಾಣೆಯವರು ಬೆನ್ನ ಹಿಂದೆ ನಗುತ್ತಿದ್ದರು. ಸಿಕ್ಕಿಬಿದ್ದ ಕಳ್ಳರು ಮಾತ್ರ ನಗುತ್ತಿರಲಿಲ್ಲ.

ಬಿನ್ನಿಪೇಟೆಯ ವಠಾರದಲ್ಲಿ ಗಿರಣಿ ಕೆಲಸದ ಅಂಜನಮ್ಮ ಬಿಸಿಲಿಗೆ ಮೈಯೊಡ್ಡಿ ಕೂತಿದ್ದಳು. ಸೀಸೆಗಳು ಸಿಕ್ಕಿದ್ದು ಅವಳ ಮನೆಯ ಗೋಡೆಗೂಡಿನಲ್ಲಿ.

"ಯಾರು ಕೊಟ್ರಮ್ಮ?"

"ಹೇಳಾಕಿಲ್ಲ ಸ್ವಾಮಿ."

"ಕೆಟ್ಟ ಔಷಧಿಯಂತೆ."

"ಕೆಟ್ಟಿದ್ರೆ ನಾನು ಎದ್ದು ಕೂರ್ತಿದ್ನಾ? ಕೆಮ್ಮಿದ್ರೆ ರಕ್ತ ಬರ್ತಿತ್ತು, ನಿಂತೋಗೈತೆ."

ಕಾನ್ಸ್‌ಟೇಬಲ್ ದೊಡ್ಡಹನುಮಯ್ಯ ಪಂಚನಾಮೆ ಬರೆಯುತ್ತಿದ್ದಾಗ ವೆಂಕಟಗಿರಿ ಒಂದು ಸೀಸೆಯನ್ನು ಬೆಳಕಿಗೆ ಹಿಡಿದರು. ಕಳ್ಳನಾದವನು ಮೊದಲು ಲೇಬಲ್ ಕೆರೆದು ಹಾಕುತ್ತಾನೆ. ಇಲ್ಲಿ ಬ್ಯಾಚ್ ನಂಬರಿನ ಸಮೇತ ಎಲ್ಲ ಹಾಗೇ ಇತ್ತು. ಲೇಬಲ್ ಇಲ್ಲದ ಔಷಧಿಯನ್ನು ರೋಗಿಗೆ ಕೊಡಲು ಮನಸ್ಸು ಒಪ್ಪದ ಯಾರೋ ಕದ್ದಿದ್ದಾರೆ ಅನ್ನಿಸಿತು.

ಅವುಗಳಲ್ಲಿ ಕೆಲವು ಸೀಸೆಗಳು ಸರ್ಕಾರಿ ಪ್ರಯೋಗಾಲಯಕ್ಕೆ ಹೋದವು. ಎರಡು ದಿನದ ಮೇಲೆ ಅಲ್ಲಿನ ಗುರುಬಸಪ್ಪ ವರದಿ ಕೊಟ್ಟರು: ಔಷಧಿ ಪೂರ್ತಿ ಚೆನ್ನಾಗಿದೆ.

"ಹಾಗಾದ್ರೆ ಕಾರ್ಖಾನೇಲಿ ಯಾಕೆ ಸೋಲುತ್ತೆ?"

"ರೋಗಾಣು ಬೆಳೆಸೋ ತಟ್ಟೆ ಹುಳಿಯಾಗಿದ್ರೆ ಸೋಲುತ್ತೆ. ಹುಳಿಯಲ್ಲಿ ಈ ಔಷಧಿ ರೋಗಾಣುವಿನ ಒಳಗೆ ಸರಿಯಾಗಿ ಹೋಗಲ್ಲ ಇನ್ಸ್‌ಪೆಕ್ಟ್ರೇ, ಹೊರಗೇ ಉಳಿದುಬಿಡುತ್ತೆ."

ಜೀಪಿನಲ್ಲಿ ಮರಳುವಾಗ ವೆಂಕಟಗಿರಿ ಅದನ್ನೇ ಕನಸಿನಂತೆ ಕಾಣುತ್ತಿದ್ದರು. ಚಿಲಕ ಹಾಕಿದ ಮನೆಯೆದುರು ಬಂದ ನೆಂಟರ ಹಾಗೆ ಔಷಧಿ ಸುಮ್ಮನೆ ನಿಂತಿದೆ. ದಾರಿ ಯಾವಾಗ ಸರಿಯಿತೋ ತಿಳಿಯಲಿಲ್ಲ.

ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಗಾಜಿನ ತಟ್ಟೆಗಳ ಮೂಲಕ ಬಿಸಿಲು ನೆಲಕ್ಕಿಳಿದಿತ್ತು. ತಟ್ಟೆಯ ತುಂಬ ಕೆನೆಯಂತೆ ಹರಡಿದ ರೋಗಾಣುಗಳು, ಔಷಧಿ ಅವನ್ನು ಕೊಂದ ಕಡೆ ತಿಳಿಯಾದ ವೃತ್ತ. ಒಂದು ತಟ್ಟೆಯಲ್ಲಿ ಮೊದಲೇ ಪರೀಕ್ಷಿಸಿಟ್ಟ ಒಳ್ಳೆಯ ಔಷಧಿ, ಇನ್ನೊಂದರಲ್ಲಿ ಹೊಸ ಬ್ಯಾಚಿನದು. ಎರಡನೆಯದರ ವೃತ್ತ ಕುಗ್ಗಿತ್ತು. ವೆಂಕಟಗಿರಿ ನೀಲಿ ಲಿಟ್ಮಸ್ ಚೂರುಗಳನ್ನು ಎರಡರಲ್ಲೂ ಒತ್ತಿದರು. ಮೊದಲನೆಯದು ನೀಲಿಯಾಗೇ ಉಳಿಯಿತು, ಎರಡನೆಯದು ಮೆಲ್ಲಗೆ ಕೆಂಪಾಯಿತು.

ಪರೀಕ್ಷೆ ಮಾಡುವ ಜಲಜಾ ತಲೆ ತಗ್ಗಿಸಲಿಲ್ಲ.

"ಏನ್ ಬೆರೆಸಿದ್ರಿ?"

"ಸ್ವಲ್ಪ ಆ್ಯಸಿಡ್ ಸಾರ್. ಮಾಲೀಕರು ವೃತ್ತಾನ ಕಣ್ಣಾರೆ ನೋಡ್ದೆ ಬ್ಯಾಚ್ ಕೆಟ್ಟಿದೆ ಅಂತ ರುಜು ಹಾಕಲ್ಲ. ಅದಕ್ಕೆ ವೃತ್ತಾನೇ ಕುಗ್ಗಿಸ್ದೆ. ಹೂಳೋಕೆ ಹೋಗೋ ಸೀಸೆ ಎಷ್ಟು ಅಂತ ಯಾರೂ ಕೇಳಲ್ಲ."

"ಯಾಕಮ್ಮ?"

ಅವಳು ಬಿನ್ನಿಪೇಟೆಯ ಅದೇ ವಠಾರದವಳು. ಪಕ್ಕದ ಮನೆಯ ಇಂದ್ರಮ್ಮನಿಗೆ ಕ್ಷಯ. ಆಸ್ಪತ್ರೆಯಲ್ಲಿ ಔಷಧಿ ಮುಗಿದು ಇಂಜೆಕ್ಷನ್ ಅರ್ಧಕ್ಕೇ ನಿಂತಿತ್ತು. ಗೋಡೆಯಾಚೆಯ ಆ ಕೆಮ್ಮು ಕೇಳುತ್ತಲೇ ಜಲಜಾ ಎಂ.ಎಸ್ಸಿ. ಓದಿದ್ದಳು. ಒಂದು ಬೆಳಗ್ಗೆ ಕೆಮ್ಮು ಕೇಳಿಸಲಿಲ್ಲ.

"ಅಂಜನಮ್ಮಂಗೆ ಇನ್ನೂ ಮುಗ್ದಿಲ್ಲ ಸಾರ್. ಈಗ ನಿಂತ್ರೆ ಕಾಯಿಲೆ ಮತ್ತೆ ಬರುತ್ತೆ. ಆಮೇಲೆ ಈ ಔಷಧಿಗೂ ಬಗ್ಗಲ್ಲ."

ವೆಂಕಟಗಿರಿ ಅವಳ ಮಾತನ್ನು ಪೂರ್ತಿ ಬರೆದುಕೊಂಡರು. ಮಧ್ಯಾಹ್ನದ ಹೊತ್ತಿಗೆ ಜಲಜಾಳ ಬಂಧನವಾಯಿತು. ಉಳಿದ ಸೀಸೆಗಳ ಪೆಟ್ಟಿಗೆ ಅರಗಿನ ಮುದ್ರೆ ಹಾಕಿಸಿಕೊಂಡು ಠಾಣೆಯ ಬೀರು ಸೇರಿತು. ಔಷಧಿಯನ್ನು ರೋಗಿಗಳಿಗೆ ಬಿಟ್ಟುಕೊಡಲು ನ್ಯಾಯಾಲಯಕ್ಕೆ ಅರ್ಜಿ ಹೋಯಿತು. ಉತ್ತರ ಯಾವಾಗ ಬರುವುದೋ ದೇವರೇ ಬಲ್ಲ.

ಮರುದಿನ ಬೆಳಗ್ಗೆ, ಅದೇ ಮಂಜಿನಲ್ಲಿ, ಠಾಣೆಯ ಬೆಂಚಿನ ಮೇಲೆ ಅಂಜನಮ್ಮ ಕೂತಿದ್ದಳು. ರವಿಕೆಯ ತೋಳನ್ನು ಮೇಲೆ ಮಡಿಸಿಕೊಂಡಿದ್ದಳು.

"ಏನಮ್ಮ?"

"ಔಸ್ದಿ ಈಗ ಇಲ್ಲೇ ಐತಂತಲ್ಲ ಸ್ವಾಮಿ. ಇಲ್ಲೇ ಚುಚ್ತೀರೇನೋ ಅಂತ ಬಂದೆ."

ದೊಡ್ಡಹನುಮಯ್ಯ ಬೆಪ್ಪಾಗಿ ಸಾಹೇಬರ ಮುಖ ನೋಡಿದ. ವೆಂಕಟಗಿರಿ ಬಹಳ ಹೊತ್ತು ಕಿಟಕಿಯಾಚೆ ನೋಡಿದರು. ಆಮೇಲೆ ಎದ್ದು ಬೀರುವಿನ ಬೀಗ ತೆಗೆದರು, ಅರಗಿನ ಮುದ್ರೆ ಒಡೆದರು, ಪಂಚನಾಮೆಯ ಕೊನೆಗೆ ಒಂದು ಷರಾ ಬರೆದರು: "ಒಂದು ಸೀಸೆಯನ್ನು ಇಂದು ಅಂಜನಮ್ಮನಿಗೆ ಕೊಡಲಾಗಿದೆ. ಮುದ್ರೆ ಒಡೆದವನು ನಾನು." ಕೆಳಗೆ ಪೂರ್ತಿ ಹೆಸರಿನ ರುಜು ಹಾಕಿದರು.

"ಹನುಮಯ್ಯ, ಕಾಂಪೌಂಡರನ್ನ ಕರ್ಕೊಂಡು ಬಾ," ಎಂದರು. "ನಾಳೆಗೂ ಹೇಳಿಡು."