ಮಾಸ್ತರ ಕಡೆ ತಿರುಗಿ ಹೇಳಿದ ಮಾತು

ನಾಗರತ್ನಳನ್ನು ನಾಟಕದವರು ಕರೆಸುತ್ತಿದ್ದುದೇ ಕ್ಯಾಬರೆ ಕುಣಿಯುವ ಹೀರೋಯಿನ್ ಪಾತ್ರಕ್ಕೆ. ಜಗಳೂರಿನಿಂದ ಹೊನ್ನಾಳಿಯವರೆಗೆ ಯಾವ ಊರಲ್ಲಿ ನಾಟಕ ಕಟ್ಟಿದರೂ, ಮಿಂಚುವ ಲಂಗ ತೊಟ್ಟು ಆಕೆ ಒಮ್ಮೆ ಸುಳಿದರೆ ಸಾಕು, ಜನ ಒನ್ಸ್ ಮೋರ್ ಕೂಗುತ್ತಿದ್ದರು. ಮದುವೆಗೆ ಕೇಳಿ ಬಂದವರು ಮಾತ್ರ ಎಲ್ಲರೂ ಒಂದೇ ಮಾತು ಆಡಿದ್ದರು: ಗೆಜ್ಜೆ ಬಿಡಬೇಕು. ಆಕೆ ನಕ್ಕು, ಕಾಫಿ ಕೊಟ್ಟು ಕಳಿಸಿದ್ದಳು. ದೇವರ ಮುಂದಿಟ್ಟು ಕಟ್ಟಿಕೊಂಡ ಗೆಜ್ಜೆ, ಅನ್ನ ಕೊಟ್ಟ ಗೆಜ್ಜೆ ಅದು.

ದುರುಗೇಶ್ ಸಿಕ್ಕಿದ್ದು ಹೋದ ವರ್ಷ ಗೋವಿನಕೋವಿಯಲ್ಲಿ. ನ್ಯಾಮತಿಯಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟಿದ್ದ ಆತ ಅಲ್ಲಿ ಊರವರೇ ಆಡಿದ ನಾಟಕದ ಹೀರೋ. ಊರವರ ತಾಲೀಮಿಗೆ ಕಲಾವಿದೆಯರು ಬರುವುದಿಲ್ಲ. ನಾಟಕದ ದಿನವೇ ಬರುವುದು. ಅಲ್ಲಿಯತನಕ ಹೀರೋಯಿನ್ ಮಾತನ್ನೆಲ್ಲ ಹಾರ್ಮೋನಿಯಂ ಮಾಸ್ತರು ಹಾಲಸ್ವಾಮಿಯೇ ಹೇಳುತ್ತಿದ್ದರು. ಹಾಗಾಗಿ ಪ್ರೇಮದ ಸೀನಿನಲ್ಲಿ ದುರುಗೇಶ್, ಪಕ್ಕದಲ್ಲೇ ನಿಂತಿದ್ದ ನಾಗರತ್ನಳನ್ನು ಬಿಟ್ಟು, ರೂಢಿಯಂತೆ ಮಾಸ್ತರ ಕಡೆ ತಿರುಗಿ, "ನೀನಿಲ್ಲದೆ ನಾನು ಬದುಕಲಾರೆ" ಎಂದುಬಿಟ್ಟ. ಜನ ಬಿದ್ದು ಬಿದ್ದು ನಕ್ಕರು. ನಾಗರತ್ನ ಅವನ ಗಲ್ಲ ಹಿಡಿದು ಮೆಲ್ಲಗೆ ತನ್ನತ್ತ ತಿರುಗಿಸಿಕೊಂಡಳು. ಅದು ನಾಟಕದಲ್ಲಿ ಬರೆದಿರಲಿಲ್ಲ.

ಅಂದಿನಿಂದ ಆಕೆಯ ನಾಟಕ ಎಲ್ಲಿದ್ದರೂ ಮುಂದಿನ ಸಾಲಿನ ತುದಿಯಲ್ಲಿ ಅವನು ಬೈಕಿನ ಕೀ ತಿರುಗಿಸುತ್ತ ಕೂತಿರುತ್ತಿದ್ದ. ಮಾತಿಲ್ಲ. ಕುಣಿಯುತ್ತ ಕುಣಿಯುತ್ತ ಆಕೆಯ ಕಣ್ಣು ಒಮ್ಮೆ ಅತ್ತ ಹೋಗಿ, ಸಿಕ್ಕಿಬಿದ್ದಂತೆ ನಾಚಿ ಹಿಂದೆ ಬರುತ್ತಿತ್ತು.

ಇಂದು ಸಂಜೆ ಕೆರೆಬಿಳಚಿಯಲ್ಲಿ ಪರದೆಯ ಹಿಂದೆ ಪೂಜೆಯ ದೀಪ ಹಚ್ಚಿದ್ದರು. ಗಣಪತಿ ಫೋಟೋದ ಮುಂದೆ ಗೆಜ್ಜೆ, ಅದರ ಮೇಲೊಂದು ದಾಸವಾಳ. ದುರುಗೇಶ್ ಮೊದಲ ಸಲ ಒಳಗೆ ಬಂದು ನಿಂತ. ಅವನ ತಾಯಿ ದುರುಗಮ್ಮ ಮದುವೆಗೆ ಒಪ್ಪಿದ್ದಾರೆಂದು, ಇಲ್ಲಿಯೂ ಹಾರ್ಮೋನಿಯಂಗೆ ಕೂತಿದ್ದ ಹಾಲಸ್ವಾಮಿ ಆಗಲೇ ನಾಗರತ್ನಳ ಕಿವಿಗೆ ಹಾಕಿದ್ದರು. ಇವನೂ ಅದನ್ನೇ ಕೇಳಿದರೆ? ಇವನನ್ನು ಕಾಫಿ ಕೊಟ್ಟು ಕಳಿಸುವಷ್ಟು ಗಟ್ಟಿ ಮನಸ್ಸು ತನಗಿಲ್ಲವೆಂದು ಹೆದರಿ, ನಾಗರತ್ನ ದೀಪವನ್ನೇ ನೋಡಿದಳು.

"ಗೆಜ್ಜೆ ಬಿಡು ಅನ್ನಾಕೆ ಬಂದೀರೇನ್ರೀ?"

ಅವನು ಗೆಜ್ಜೆ ಎತ್ತಿ ಕಣ್ಣಿಗೊತ್ತಿಕೊಂಡು ಅವಳ ಅಂಗೈಯಲ್ಲಿಟ್ಟ. ಆಮೇಲೆ ಬೆವರುತ್ತ, ಶ್ರುತಿ ನೋಡುತ್ತಿದ್ದ ಮಾಸ್ತರ ಕಡೆ ತಿರುಗಿ ಹೇಳಿದ:

"ನೀವು ಕುಣಿಯಾಕೆ ಹೋಗೋ ಊರಿಗೆಲ್ಲ ನಾನೇ ಕರ್ಕೊಂಡು ಹೋಗ್ತೀನಿ. ಬೈಕ್ ಐತೆ. ನನ್ನ ಮದುವೆ ಆಗ್ತೀರೇನ್ರೀ?"

"ನಂದು ಆಗ್ಲೇ ಆಗೈತಪ್ಪ," ಎಂದರು ಹಾಲಸ್ವಾಮಿ, ತಲೆ ಎತ್ತದೆ.

ನಾಗರತ್ನ ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು. ಕಣ್ಣು ತುಂಬಿತ್ತು, ತುಟಿ ನಗುತ್ತಿತ್ತು.

"ಒನ್ಸ್ ಮೋರ್," ಎಂದಳು.