ಹೇಳಿಕೊಟ್ಟ ಐದು ಪದ

ಕೊಡೆ, ನವಿಲು, ಕಿಟಕಿ, ಉಪ್ಪು, ಹಗ್ಗ.

ಅರಿವಳಿಕೆ ಕೊಡುವ ಡಾಕ್ಟರಮ್ಮ ಈ ಐದು ಪದಗಳನ್ನು ಬಿಡಿಬಿಡಿಯಾಗಿ ಹೇಳಿ, ಐದು ನಿಮಿಷ ಬಿಟ್ಟು ಮತ್ತೆ ಕೇಳುತ್ತೇನೆ, ನೆನಪಿಟ್ಟುಕೊಳ್ಳಿ ಎಂದರು. ಮಂಚದ ಮೇಲಿದ್ದ ರಾಜರು ಗಂಭೀರವಾಗಿ ತಲೆಯಾಡಿಸಿದರು.

ರಾಜರೆಂದರೆ ಯಾವ ಸೀಮೆಗೂ ರಾಜರಲ್ಲ. ನಲವತ್ತು ವರ್ಷ ನಾಟಕದಲ್ಲಿ ಕಿರೀಟ ಹೊತ್ತೂ ಹೊತ್ತೂ ಆ ಹೆಸರು ಅಂಟಿಕೊಂಡಿತ್ತು. ಎಪ್ಪತ್ತಾರನೆಯ ವಯಸ್ಸಿನಲ್ಲಿ, ರಂಗದ ಮೆಟ್ಟಿಲು ಇಳಿಯುವಾಗ ಕಾಲು ಜಾರಿ ಸೊಂಟದ ಮೂಳೆ ಮುರಿದಿತ್ತು. ಮರುದಿನ ಬೆಳಿಗ್ಗೆ ಆಪರೇಷನ್.

ಡಾಕ್ಟರಮ್ಮನ ಬೆನ್ನ ಹಿಂದೆ, ಗೋಡೆಗೆ ಒರಗಿ ನಿಂತವಳು ಅವರ ಪ್ರಾಂಪ್ಟರ್. ಮೂವತ್ತು ವರ್ಷ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ಕೂತು, ಅವರು ತಡವರಿಸಿದಾಗಲೆಲ್ಲ ಮುಂದಿನ ಮಾತನ್ನು ಎತ್ತಿಕೊಟ್ಟವಳು. ತಂಡದವರಿಗೆಲ್ಲ ಅವಳು ಅಕ್ಕ. ರಾಜರಿಗೆ ಮಾತ್ರ 'ಪಿಸುಮಾತು'. ಅವರು ಹೆಂಡತಿಯನ್ನು ಕಳೆದುಕೊಂಡು ಹನ್ನೆರಡು ವರ್ಷವಾಗಿತ್ತು. ಅವಳು ಮದುವೆಯ ಗೋಜಿಗೇ ಹೋದವಳಲ್ಲ. ನಡುವೆ ಇದ್ದದ್ದಕ್ಕೆ ಇಬ್ಬರೂ ಹೆಸರಿಟ್ಟಿರಲಿಲ್ಲ.

ಇದು ಪರೀಕ್ಷೆಯಲ್ಲ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ವಯಸ್ಸಾದವರಿಗೆ ಆಪರೇಷನ್ ಆದ ಮೇಲೆ ಒಮ್ಮೊಮ್ಮೆ ಬುದ್ಧಿ ಕದಡುತ್ತದೆ. ಹಗಲು ರಾತ್ರಿ ತಿಳಿಯುವುದಿಲ್ಲ, ಇಲ್ಲದ್ದು ಕಾಣುತ್ತದೆ. ಮೊದಲೇ ಮರೆವಿದ್ದವರಿಗೆ ಆ ಅಪಾಯ ಹೆಚ್ಚು. ಮುಂಚೆಯೇ ಗೊತ್ತಿದ್ದರೆ ಔಷಧಿ ನೋಡಿ ಕೊಡಬಹುದು, ಮೊದಲ ಗಳಿಗೆಯಿಂದಲೇ ಕಣ್ಣಿಟ್ಟಿರಬಹುದು.

ಮರೆವು ಇತ್ತು. ಎರಡು ವರ್ಷದಿಂದ ಇತ್ತು. ಅದು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೊದಲು ಒಂದೊಂದು ಪದ ಎತ್ತಿಕೊಡುತ್ತಿದ್ದವಳು ಆಮೇಲೆ ಸಾಲು ಸಾಲೇ ಕೊಡತೊಡಗಿದ್ದಳು. ರಂಗದಿಂದ ಇಳಿದ ಮೇಲೂ ಅದೇ ಕೆಲಸ: ಎದುರು ಬಂದವರ ಹೆಸರು, ಬಸ್ಸಿನ ನಂಬರು, ಮೊಮ್ಮಗಳು ಓದುವ ತರಗತಿ. ಮಾತು ತಪ್ಪಿದಾಗಲೆಲ್ಲ ಅವರ ಕಣ್ಣು ನೂರು ಜನರನ್ನು ದಾಟಿ ಅವಳೊಬ್ಬಳನ್ನೇ ಹುಡುಕಿ ಬರುತ್ತಿತ್ತು. ಸಿಕ್ಕ ಕೂಡಲೇ ಹುಬ್ಬು ಇಷ್ಟೇ ಇಷ್ಟು ಮೇಲೇರಿ, ತುಟಿಯ ಕೊನೆಯಲ್ಲಿ ಕಳ್ಳನಗೆ ಮಿಂಚಿ ಮರೆಯಾಗುತ್ತಿತ್ತು. ದೇವರ ಮುಂದೆ ಮುಚ್ಚಿಡುವುದೇನು, ಆ ಮರೆವು ಅವಳಿಗೆ ಹಿತವಾಗಿತ್ತು.

ಐದು ನಿಮಿಷವಾಯಿತು.

"ಕೊಡೆ," ಎಂದರು ರಾಜರು. "ನವಿಲು." ಆಮೇಲೆ ನಿಂತರು. ಮುಖದ ಮೇಲೆ ಗಾಂಭೀರ್ಯ ಹಾಗೇ ಇತ್ತು. ಕಣ್ಣು ಮಾತ್ರ ಡಾಕ್ಟರಮ್ಮನ ಹೆಗಲು ದಾಟಿ ಬಂತು.

ಅವಳು ಯೋಚಿಸಲಿಲ್ಲ. ಬಿಸಿ ತಗುಲಿದ ಕೈ ಹಿಂದಕ್ಕೆ ಬರುವ ಹಾಗೆ, ತುಟಿ ತಾನಾಗಿ ಆಡಿತು. ಸದ್ದಿಲ್ಲ, ಉಸಿರೂ ಇಲ್ಲ.

"ಕಿಟಕಿ, ಉಪ್ಪು, ಹಗ್ಗ," ಎಂದರು ರಾಜರು, ಪದಕ್ಕೊಂದು ತೂಕ ಕೊಟ್ಟು.

ಡಾಕ್ಟರಮ್ಮ ಖುಷಿಯಿಂದ ಬರೆದುಕೊಂಡು ಹೋದರು.

"ಐದಕ್ಕೆ ಐದು," ಎಂದು ರಾಜರು ಮೀಸೆ ತೀಡಿದರು.

"ಕಾಪಿ ಹೊಡೆದು ಪಾಸಾದವರಿಗೆ ಜಂಬ ಬೇರೆ."

"ಕಾಪಿ ಕೊಟ್ಟೋರು ಯಾರ್ರೀ?"

ನಕ್ಕಳು. ಆದರೆ ಬಾಗಿಲ ಕಡೆ ತಿರುಗಿದಳು. ಹೋಗಿ ನಿಜ ಹೇಳಿಬಿಡಲೇ ಎಂದು ಕೇಳಿದಳು. ರಾಜರ ನಗು ಆರಿತು. ಬೇಡ ಎಂದರು. ಕಾಗದದ ಮೇಲೆ ಒಮ್ಮೆ ಬಿದ್ದರೆ ಮಗಳು ನಾಟಕ ಬಿಡಿಸಿ ತನ್ನೂರಿಗೆ ಕರೆದೊಯ್ಯುತ್ತಾಳೆ, ಆಮೇಲೆ ನೀವೆಲ್ಲೋ ನಾನೆಲ್ಲೋ ಎಂದರು. ಆ ಕೊನೆಯ ಮಾತಿಗೆ ಅವಳ ಕಾಲು ಅಲ್ಲೇ ಕಟ್ಟಿಹೋಯಿತು.

"ಆಪರೇಷನ್ ಮುಗಿಸಿ ಬರ್ತೀನಿ. ನಿಮಗೊಂದು ಮಾತು ಹೇಳೋದಿದೆ."

"ಈಗಲೇ ಹೇಳಿ."

"ಊಹ್ಞೂಂ. ಇಷ್ಟು ವರ್ಷ ನೀವು ಕೊಟ್ಟಿದ್ದನ್ನೇ ಆಡಿದೀನಿ. ಇದೊಂದು ನನ್ನದೇ ಮಾತು. ನೀವು ಎತ್ತಿಕೊಡೋ ಹಾಗಿಲ್ಲ."

ಅರವತ್ತಮೂರರ ಹೆಂಗಸು ಆ ರಾತ್ರಿ ಆ ಮಾತು ಹೇಗಿರಬಹುದೆಂದು ಹತ್ತು ಬಗೆಯಾಗಿ ನೆನೆದು ನೆನೆದು ನಾಚಿದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಮೂಳೆ ಕೂಡಿಸಿದ್ದೇವೆ ಎಂದರು. ಸಂಜೆ ರಾಜರು ಕಣ್ಣು ಬಿಟ್ಟು ಮಂಪರಿನಲ್ಲೇ ನಕ್ಕರು. ಅವಳು ದೇವರಿಗೆ ಕೈ ಮುಗಿದಳು.

ಮರುದಿನ ಅವರು ಕೈಗೆ ಹಾಕಿದ್ದ ಸೂಜಿಯನ್ನು ಕಿತ್ತೆಸೆದರು. ಹೊದಿಕೆಯ ಮೇಲೆ ಇರುವೆ ಸಾಲುಗಟ್ಟಿದೆ ಎಂದು ಗಂಟೆಗಟ್ಟಲೆ ಕೊಡವಿದರು. ನರ್ಸನ್ನು ಕರೆದು, ನಾಟಕದ ಮೂರನೇ ಗಂಟೆ ಹೊಡೆದಾಯಿತು, ನನ್ನ ಕಿರೀಟ ಎಲ್ಲಿ ಎಂದು ಗದರಿದರು. ಒಂದು ಗಳಿಗೆ ಕೂಗಾಟ, ಇನ್ನೊಂದು ಗಳಿಗೆ ಕಲ್ಲಿನಂತೆ ಮೌನ. ಅವಳು ಹತ್ತಿರ ಹೋಗಿ, ಅವರಿಗೆ ಅವರ ಹೆಸರನ್ನೇ ಹೇಳಿಕೊಡಲು ಹೋದಳು. ಅಭ್ಯಾಸ, ತುಟಿ ಮಾತ್ರ ಆಡಿತು.

ರಾಜರು ಗೋಡೆಗೆ ಸರಿದರು. ಆ ಕಣ್ಣಲ್ಲಿ ಅವಳು ಎಂದೂ ಕಂಡಿರದ ಭಯವಿತ್ತು.

"ಆ ಹೆಂಗಸನ್ನ ಆಚೆ ಕಳಿಸಿ. ಬಾಯಿ ಆಡಿಸ್ತಾಳೆ, ಸದ್ದೇ ಬರಲ್ಲ."

ಅವಳು ಆಚೆ ಬಂದಳು. ಕಾರಿಡಾರಿನ ಬೆಂಚಿನ ಮೇಲೆ ಕೂತಳು, ಎದ್ದಳು, ಡಾಕ್ಟರಮ್ಮನ ಕೋಣೆಯ ಬಾಗಿಲು ತಟ್ಟಿ ಎಲ್ಲವನ್ನೂ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕೇಳಿದರು, ಬೈಯಲಿಲ್ಲ. ಗೊತ್ತಿದ್ದರೂ ಇದು ಬರುತ್ತಿತ್ತೋ ಏನೋ, ಖಚಿತವಾಗಿ ಹೇಳಲಾರೆ ಎಂದರು. ಆದರೆ ತಪ್ಪಿಸಲು ಮಾಡಬಹುದಾಗಿದ್ದ ಕೆಲವು ಕೆಲಸಗಳನ್ನು ನಾವು ಮಾಡಲಿಲ್ಲ, ಬೇಕಾಗಿಲ್ಲ ಅಂದುಕೊಂಡೆವು ಎಂದರು. ಹಲವರಿಗೆ ಕೆಲವೇ ದಿನದಲ್ಲಿ ತಿಳಿಯಾಗುತ್ತದೆ, ಕೆಲವರಿಗೆ ವಾರಗಳು ಹಿಡಿಯುತ್ತವೆ. ಮೊದಲೇ ಮರೆವಿದ್ದ ಕೆಲವರು ಇದ್ದಲ್ಲಿಗೆ ವಾಪಸ್ ಬರುವುದೇ ಇಲ್ಲ.

ಅಷ್ಟರಲ್ಲಿ ಮಗಳು ಬಂದಿದ್ದಳು. ಶಾಲೆಯ ಟೀಚರು, ಮಾತು ಅಳೆದು ಆಡುವವಳು. ಅವಳಿಗೂ ಹೇಳಬೇಕಾಯಿತು.

"ಯಾಕೆ ಹೇಳಿಕೊಟ್ರಿ ಆಂಟಿ?"

"ಅವರು ನನ್ನ ಕಡೆ ನೋಡಿದ್ರು ಕಣಮ್ಮ."

ಮಗಳು ಚೀಲದಿಂದ ಊಟದ ಡಬ್ಬಿ ತೆಗೆದಳು. ಆಮೇಲೆ, ಅಪ್ಪನಿಗೆ ಅನ್ನ ತಿನ್ನಿಸಬೇಕು ಎಂದು ಎದ್ದು ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಇವಳಿಗೆ.

ಅವಳು ಮಾಡಬಹುದಾದ್ದನ್ನೆಲ್ಲ ಮಾಡಿದಳು. ಕನ್ನಡಕ ಒರೆಸಿ ಹಾಕಿದಳು, ಹಗಲಿಗೆ ಪರದೆ ಸರಿಸಿದಳು, ದೊಡ್ಡಕ್ಷರದಲ್ಲಿ ವಾರ ತಾರೀಖು ಬರೆದು ತೂಗುಹಾಕಿದಳು. ಒಂದು ವಾರಕ್ಕೆ ಇರುವೆಗಳು ಹೋದವು. ಎರಡು ವಾರಕ್ಕೆ ಕೂಗಾಟ ನಿಂತಿತು. ಮಗಳನ್ನು ಗುರುತಿಸಿದರು, ಒಮ್ಮೊಮ್ಮೆ ತಂಗಿಯೆಂದು ತಿಳಿದರು. ಇವಳೊಬ್ಬಳು ಮಾತ್ರ ಅವರಿಗೆ ಯಾರೂ ಆಗಲಿಲ್ಲ. ಭಯ ಹೋಯಿತು, ಅದರ ಜಾಗದಲ್ಲಿ ಮರ್ಯಾದೆ ಬಂತು. ಅವಳು ನೀರು ಕೊಟ್ಟರೆ, ತಮ್ಮಿಂದ ಉಪಕಾರವಾಯಿತು ಎನ್ನುತ್ತಿದ್ದರು. ಆ 'ತಮ್ಮಿಂದ' ಎಂಬುದನ್ನು ಅವಳು ಮನೆಗೆ ಹೋಗಿ ಅಳುವವರೆಗೂ ನುಂಗಿಟ್ಟುಕೊಳ್ಳುತ್ತಿದ್ದಳು.

ಏಳನೆಯ ವಾರ ಮಗಳು ಅವರನ್ನು ತನ್ನೂರಿಗೆ ಕರೆದೊಯ್ಯಲು ಕಾರು ತಂದಳು. ಔಷಧಿ ಅಂಗಡಿಯ ಮುಂದೆ ಸಾಲು ಉದ್ದವಿತ್ತು. "ಹತ್ತು ನಿಮಿಷ ಕೂತಿರಿ ಆಂಟಿ," ಎಂದು ಹೇಳಿ ಹೋದಳು. ಆ ದನಿಯಲ್ಲಿ ಕ್ಷಮೆ ಇತ್ತೋ ಇಲ್ಲವೋ, ಹತ್ತು ನಿಮಿಷವಂತೂ ಇತ್ತು.

ಬಿಸಿಲು ಬಿದ್ದ ವರಾಂಡದಲ್ಲಿ ಗಾಲಿಕುರ್ಚಿಯ ಮೇಲೆ ರಾಜರು. ಪಕ್ಕದ ಬೆಂಚಿನಲ್ಲಿ ಅವಳು.

"ತಾವು ಯಾರಿಗಾದರೂ ಕಾಯ್ತಿದೀರಾ?" ಎಂದರು ರಾಜರು.

"ಹೂಂ. ಏನೋ ಹೇಳ್ತೀನಿ ಅಂದಿದ್ರು."

"ಗಂಡಸಾ?" ಹುಬ್ಬು ಇಷ್ಟೇ ಇಷ್ಟು ಏರಿತು. ಅವಳು ತುಟಿಯ ಕೊನೆ ನೋಡಿದಳು. ಹುಬ್ಬು ಇಳಿಯಿತು, ಅದರ ಹಿಂದೆ ಏನೂ ಬರಲಿಲ್ಲ. "ಗಂಡಸರು ತಡ ಮಾಡ್ತಾರೆ. ನೀವೇ ಹೇಳಿಬಿಡಿ."

"ಹೇಗೆ ಹೇಳೋದು?"

"ನನ್ನನ್ನೇ ಅವರು ಅಂದ್ಕೊಳ್ಳಿ."

ಅವಳು ಅವರ ಕಡೆ ತಿರುಗಿ ಕೂತಳು. ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡಳು.

"ನೀವಂದ್ರೆ ನನಗೆ ಪ್ರಾಣ. ಇವತ್ತು ನಿನ್ನೆಯದಲ್ಲ. ನೀವು ಮರೀಲಿ, ನನ್ನ ಕಡೆ ನೋಡ್ಲಿ ಅಂತ ಆಸೆಪಡ್ತಿದ್ದೆ. ತಪ್ಪಾಯ್ತು."

ರಾಜರು ಕಣ್ಣು ಅರೆಮುಚ್ಚಿ, ಹೊಸಬರ ಮಾತು ತಿದ್ದುವಾಗಿನ ಆ ಹಳೆಯ ಏಕಾಗ್ರತೆಯಿಂದ ಕೇಳಿದರು.

"ಭಾವ ಇದೆ," ಎಂದರು. "ದನಿ ಸಾಲದು. ಅವರಿಗೆ ಕೇಳಿಸಬೇಕಲ್ಲ, ಇನ್ನೊಮ್ಮೆ ಹೇಳಿ."

ಅವಳು ಇನ್ನೊಮ್ಮೆ ಹೇಳಿದಳು. ಔಷಧಿಯ ಸಾಲಿನಲ್ಲಿದ್ದವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು. ಸಾಲಿನ ತುದಿಯಲ್ಲಿ ಮಗಳೂ ತಿರುಗಿದಳು, ಕೈಯಲ್ಲಿದ್ದ ಚೀಟಿ ಕೆಳಗೆ ಬಿದ್ದದ್ದೂ ತಿಳಿಯದೆ ನಿಂತಳು.

ರಾಜರು ಮಾತ್ರ ಆಗಲೇ ಅಂಗಳದತ್ತ ನೋಡುತ್ತಿದ್ದರು. ಬಾಗಿಲು ತೆರೆದು ನಿಂತಿದ್ದ ಆ ಕಾರು ಯಾರದೆಂದು, ಅದರಲ್ಲಿ ಯಾರು ಹೋಗುತ್ತಾರೆಂದು, ಬಹಳ ಮರ್ಯಾದೆಯಿಂದ ಅವಳನ್ನೇ ಕೇಳಿದರು.